ಸುಚಾವ ತ್ಸಿನುತ್: ಎರಡೇ ವರ್ಷ ಬದುಕಿದ ಈ ರೊಮೇನಿಯನ್ ಪ್ರಾಂತ ಯಾಕೆ ಹುಟ್ಟಿತು, ಯಾಕೆ ಸತ್ತಿತು?

ನಕಾಶೆಪ್ರಿಯ
ಎಲ್ಲರಿಗೂ ನಮಸ್ಕಾರ. ಹಳೆಯ ನಕಾಶೆ ಕಂಡರೆ ಕೂತು ನೋಡುವ ಅಭ್ಯಾಸ ನನಗೆ. ಮೊನ್ನೆ 1939ರ ರೊಮೇನಿಯಾದ ಒಂದು ನಕಾಶೆ ಸಿಕ್ಕಿತು. ಅದರಲ್ಲಿ ಟ್ರಾನ್ಸಿಲ್ವೇನಿಯಾ, ಬುಕೊವಿನಾ, ಬೆಸರೇಬಿಯಾ ಅಂತ ನಮಗೆ ಗೊತ್ತಿರುವ ಹಳೆಯ ಪ್ರಾಂತಗಳ ಹೆಸರುಗಳೇ ಇಲ್ಲ. ಅದರ ಬದಲು ಹತ್ತು ದೊಡ್ಡ ತುಂಡುಗಳು. ಒಂದೊಂದನ್ನೂ 'ತ್ಸಿನುತ್' ಅಂತ ಕರೆದಿದ್ದಾರೆ.

ಉತ್ತರದ ತುದಿಯಲ್ಲಿ ಸುಚಾವ ತ್ಸಿನುತ್ ಇದೆ. ಅದರಲ್ಲಿ ಏಳು ಜಿಲ್ಲೆ: ಚೆರ್ನೌತ್ಸಿ, ಹೋತಿನ್, ಸ್ತೊರೊಜಿನೆತ್ಸ್, ರದೌತ್ಸಿ, ಕಂಪುಲುಂಗ್, ಸುಚಾವ, ದೊರೊಹೊಯ್. ಹೆಸರು ಸುಚಾವದ್ದು, ಆದರೆ ರಾಜಧಾನಿ ಚೆರ್ನೌತ್ಸಿ. 1938ರ ಆಗಸ್ಟ್‌ನಲ್ಲಿ ಕಾನೂನು ಬಂತು, 1940ರ ಸೆಪ್ಟೆಂಬರ್‌ನಲ್ಲಿ ರದ್ದಾಯಿತು. ಪೂರ್ತಿ ಎರಡು ವರ್ಷ ಅಷ್ಟೇ.

ನನ್ನ ಪ್ರಶ್ನೆ ಇದು. 71 ಜಿಲ್ಲೆ ಇದ್ದ ದೇಶಕ್ಕೆ ಅದರ ಮೇಲೆ ಇನ್ನೊಂದು ಹಂತ ಯಾಕೆ ಬೇಕಾಯಿತು? ಇದು ಕೆಟ್ಟ ಯೋಜನೆ ಅಂತ ಬಿದ್ದುಹೋಯಿತಾ, ಇಲ್ಲ ಯುದ್ಧ ಬಂದು ನೆಲವೇ ಕೈತಪ್ಪಿದ್ದಕ್ಕೆ ಹೋಯಿತಾ?

ತುಂಗಾತೀರ
ಸರ್ವಾಧಿಕಾರಿ ರಾಜ ಮಾಡಿದ್ದು, ರಾಜ ಹೋದಾಗ ಅದೂ ಹೋಯಿತು. ಇದರಲ್ಲಿ ಕೇಳೋದೇನಿದೆ?

ಇತಿಹಾಸದ ಮೇಷ್ಟ್ರು
ಅಷ್ಟು ಸುಲಭವಾಗಿ ಮುಗಿಸಬೇಡಿ. ಹಿನ್ನೆಲೆ ನೋಡಿ.

1938ರ ಫೆಬ್ರವರಿ 10ರಂದು ರಾಜ ಎರಡನೇ ಕರೋಲ್ ಪಾರ್ಲಿಮೆಂಟ್ ವ್ಯವಸ್ಥೆಯನ್ನು ಬದಿಗೊತ್ತಿ ಅಧಿಕಾರ ತನ್ನ ಕೈಗೆ ತೆಗೆದುಕೊಂಡ. ಚರ್ಚಿನ ಮುಖ್ಯಸ್ಥ ಪೇಟ್ರಿಯಾರ್ಕ್ ಮಿರೊನ್ ಕ್ರಿಸ್ತಿಯಾ ಅವರನ್ನೇ ಪ್ರಧಾನಿ ಮಾಡಿದ. ಎರಡು ವಾರದೊಳಗೆ ಹೊಸ ಸಂವಿಧಾನ, ಅದಕ್ಕೆ ಜನಮತಗಣನೆ. ಆ ಮತದಾನ ಹೇಗೆ ನಡೆಯಿತು ಗೊತ್ತಾ? ಗುಪ್ತ ಮತಪತ್ರ ಇಲ್ಲ. ಅಧಿಕಾರಿಯ ಎದುರು ನಿಂತು ಬಾಯಿಬಿಟ್ಟು ಹೇಳಬೇಕು. 'ಬೇಡ' ಅಂದವರ ಹೆಸರು ಬೇರೆ ಪಟ್ಟಿಗೆ ಹೋಗುತ್ತಿತ್ತು. ಫಲಿತಾಂಶ: ಪರವಾಗಿ 42 ಲಕ್ಷಕ್ಕೂ ಮೇಲೆ, ವಿರುದ್ಧ ಐದೂವರೆ ಸಾವಿರದಷ್ಟು.

ಆಗಸ್ಟ್ 14ರ ಆಡಳಿತ ಕಾನೂನು ಬಂದದ್ದು ಇದರ ನಂತರ. ಒಳಾಡಳಿತ ನೋಡುತ್ತಿದ್ದ ಅರ್ಮಾಂಡ್ ಕಲಿನೆಸ್ಕು ಇದರ ಹಿಂದಿದ್ದ ಮುಖ್ಯ ವ್ಯಕ್ತಿ. ಪ್ರತಿ ತ್ಸಿನುತ್‌ಗೂ ರಾಜನೇ ನೇಮಿಸುವ ಒಬ್ಬ ರಾಜಪ್ರತಿನಿಧಿ. ಜಿಲ್ಲೆಗಳು ಉಳಿದವು, ಆದರೆ ಅವುಗಳಿಗೆ ಸ್ವಂತ ಬಜೆಟ್ಟೂ ಇಲ್ಲ, ಕಾನೂನಿನ ಪ್ರಕಾರ ಸ್ವಂತ ಅಸ್ತಿತ್ವವೂ ಇಲ್ಲ. ದುಡ್ಡು, ಆಸ್ತಿ, ರಸ್ತೆ, ಆಸ್ಪತ್ರೆ ಎಲ್ಲ ತ್ಸಿನುತ್‌ಗೆ ಬಂದವು. ಹಾಗಾಗಿ ಇದನ್ನು ಜಿಲ್ಲೆಯ ಮೇಲೆ ಸೇರಿಸಿದ ಇನ್ನೊಂದು ಹಂತ ಅನ್ನೋದು ಸರಿಯಾಗೋದಿಲ್ಲ. ಜಿಲ್ಲೆಯ ಒಳಗಿದ್ದ ಶಕ್ತಿಯನ್ನೆಲ್ಲ ಮೇಲಕ್ಕೆ ಎಳೆದುಕೊಂಡದ್ದು ಇದು.

ಹಳೇಪೇಟೆ
ಮೇಷ್ಟ್ರೇ, ಇದಕ್ಕೂ ಮುಂಚೆ ಇಂಥದ್ದೇ ಒಂದು ಪ್ರಯತ್ನ ಆಗಿತ್ತಲ್ಲ? 1929ರಲ್ಲಿ ಯುಲಿಯು ಮನಿಯು ಸರ್ಕಾರ ಏಳು ಪ್ರಾದೇಶಿಕ ನಿರ್ದೇಶನಾಲಯ ಮಾಡಿತ್ತು. ಬುಕಾರೆಸ್ಟ್, ಚೆರ್ನೌತ್ಸಿ, ಕಿಶಿನೌ, ಕ್ಲುಜ್, ಕ್ರಯೋವಾ, ಯಾಶ್, ತಿಮಿಶೋರಾ. ಅದು 1931ಕ್ಕೇ ಹೋಯಿತು. ಅದನ್ನು ಮಾಡಿದ್ದು ಚುನಾಯಿತ ಸರ್ಕಾರ, ಸರ್ವಾಧಿಕಾರಿ ಅಲ್ಲ. ಅದರ ಆಯಸ್ಸೂ ಎರಡೇ ವರ್ಷ. ಅಂದ ಮೇಲೆ ಸಮಸ್ಯೆ ರಾಜನದ್ದು ಮಾತ್ರ ಅಲ್ಲ. 71 ಸಣ್ಣ ಜಿಲ್ಲೆಗಳನ್ನು ಬುಕಾರೆಸ್ಟ್‌ನಿಂದ ನಡೆಸೋದು ಕಷ್ಟ ಅಂತ ಎಲ್ಲರಿಗೂ ಗೊತ್ತಿತ್ತು.

ಇತಿಹಾಸದ ಮೇಷ್ಟ್ರು
ಸರಿಯಾಗಿ ಹೇಳಿದಿರಿ. ಒಂದು ವ್ಯತ್ಯಾಸ ಮಾತ್ರ ಸೇರಿಸುತ್ತೇನೆ. ಮನಿಯು ಟ್ರಾನ್ಸಿಲ್ವೇನಿಯಾದವರು. ಪ್ರಾಂತಗಳಿಗೆ ಸ್ವಲ್ಪ ಉಸಿರಾಡಲು ಬಿಡಬೇಕು ಅನ್ನುವ ಮನಸ್ಸು ಅವರದ್ದು. 1938ರ ಮನಸ್ಸು ಅದಕ್ಕೆ ಪೂರ್ತಿ ಉಲ್ಟಾ.

ತುಂಗಾತೀರ
ಉಲ್ಟಾ ಅಂತ ನೀವೇ ಹೇಳುತ್ತಿದ್ದೀರಿ. ನಾನು ಹೇಳಿದ್ದೂ ಅದೇ. ಹತ್ತು ಹೆಸರು ಓದಿ: ಓಲ್ಟ್, ಬುಚೆಜ್, ಮಾರಿ, ದುನರಿ, ನಿಸ್ತ್ರು, ಪ್ರುತ್, ಸುಚಾವ, ಮುರೆಶ್, ಸೊಮೆಶ್, ತಿಮಿಶ್. ಬುಚೆಜ್ ಬೆಟ್ಟ, ಮಾರಿ ಅಂದರೆ ಸಮುದ್ರ, ಉಳಿದದ್ದೆಲ್ಲ ನದಿ. ಸುಚಾವ ಕೂಡ ಒಂದು ನದಿಯೇ. ಫ್ರಾನ್ಸಿನ ಕ್ರಾಂತಿಕಾರಿಗಳು 1790ರಲ್ಲಿ ಹಳೆಯ ಪ್ರಾಂತಗಳನ್ನು ಅಳಿಸಲು ಇದೇ ದಾರಿ ಹಿಡಿದಿದ್ದರು, ನದಿ ಬೆಟ್ಟಗಳ ಹೆಸರಿಟ್ಟರು. ಜನ 'ನಾನು ಬುಕೊವಿನಾದವನು' 'ನಾನು ಬೆಸರೇಬಿಯಾದವನು' ಅನ್ನಬಾರದು, ಅದೇ ಉದ್ದೇಶ.

ಬೆಸರೇಬಿಯಾವನ್ನು ನೋಡಿ. ಒಂದಲ್ಲ ಎರಡಲ್ಲ, ನಾಲ್ಕು ತ್ಸಿನುತ್‌ಗಳಿಗೆ ಹಂಚಿದರು. ಹೋತಿನ್ ಸುಚಾವಕ್ಕೆ. ಬಾಲ್ತ್ಸಿ, ಸೊರೊಕಾ ಪ್ರುತ್‌ಗೆ. ಕಾಹುಲ್, ಇಸ್ಮಾಯಿಲ್ ದುನರಿಗೆ. ಉಳಿದದ್ದು ನಿಸ್ತ್ರುಗೆ. ಬ್ರಶೋವ್ ಟ್ರಾನ್ಸಿಲ್ವೇನಿಯಾದ್ದು, ಅದನ್ನು ಬುಕಾರೆಸ್ಟ್ ಜೊತೆ ಬುಚೆಜ್‌ಗೆ ಹಾಕಿದರು. ಕಪ್ಪು ಸಮುದ್ರ ತೀರದ ದೊಬ್ರುಜಾದಲ್ಲಿ ತುಲ್ಚಾ ಒಂದು ಕಡೆ, ಕೊನ್‌ಸ್ತಾಂತ್ಸಾ ಇನ್ನೊಂದು ಕಡೆ. ಇದು ಆಡಳಿತದ ಅನುಕೂಲಕ್ಕೆ ಮಾಡಿದ್ದು ಅಂದರೆ ನಾನು ಒಪ್ಪಲಾರೆ.

ನಕಾಶೆಪ್ರಿಯ
ಇದು ಒಳ್ಳೆಯ ಪಾಯಿಂಟ್. ಆದರೆ ಬುಕೊವಿನಾದ ಐದೂ ಜಿಲ್ಲೆ ಒಟ್ಟಿಗೇ ಉಳಿದವು ಅಲ್ವಾ? ಚೆರ್ನೌತ್ಸಿ, ಸ್ತೊರೊಜಿನೆತ್ಸ್, ರದೌತ್ಸಿ, ಸುಚಾವ, ಕಂಪುಲುಂಗ್. ಒಂದೂ ಬಿಟ್ಟುಹೋಗಿಲ್ಲ. ಹೆಸರು ಹೋಯಿತು, ದೇಹ ಉಳಿಯಿತು. ಪೂರ್ವದಲ್ಲಿ ಬೆಸರೇಬಿಯಾದ ಹೋತಿನ್ ಮತ್ತು ಹಳೆಯ ಮೊಲ್ಡೇವಿಯಾದ ದೊರೊಹೊಯ್ ಸೇರಿಸಿದರು.

ತುಂಗಾತೀರ
ಸೇರಿಸಿದ್ದು ಯಾಕೆ ಅಂತ ಕೇಳಿ. 1930ರ ಜನಗಣತಿಯಲ್ಲಿ ಬುಕೊವಿನಾದ ಜನಸಂಖ್ಯೆ ಸುಮಾರು 8.53 ಲಕ್ಷ, ಅದರಲ್ಲಿ ರೊಮೇನಿಯನ್ನರು ಶೇ. 44.5. ಅರ್ಧವೂ ಇಲ್ಲ. ಉಕ್ರೇನಿಯನ್ನರು, ಯಹೂದಿಗಳು, ಜರ್ಮನ್ನರು, ಪೋಲಿಷರು ಎಲ್ಲ ಇದ್ದರು. ರೊಮೇನಿಯನ್ನರೇ ಜಾಸ್ತಿ ಇರುವ ದೊರೊಹೊಯ್ ಜೋಡಿಸಿದರೆ ಲೆಕ್ಕ ಬದಲಾಗುತ್ತೆ.

ಹಳೇಪೇಟೆ
ಹಾಗಾದರೆ ಹೋತಿನ್ ಯಾಕೆ ಜೋಡಿಸಿದರು? ಹೋತಿನ್‌ನಲ್ಲಿ ಉಕ್ರೇನಿಯನ್ನರೇ ಹೆಚ್ಚು. ಲೆಕ್ಕ ಬದಲಾಯಿಸೋದೇ ಉದ್ದೇಶ ಆಗಿದ್ದರೆ ಅದನ್ನು ಹೊರಗೆ ಬಿಡಬೇಕಿತ್ತು. ಒಂದು ಕೈಯಲ್ಲಿ ಹಾಕಿ ಇನ್ನೊಂದು ಕೈಯಲ್ಲಿ ತೆಗೆದ ಹಾಗಾಯಿತಲ್ಲ ತುಂಗಾತೀರ ಅವರೇ.

ರೈಲುಪ್ರಿಯ
ಹೋತಿನ್‌ದು ದೂರದ ವಿಷಯ ಅನ್ಸುತ್ತೆ. ಅಲ್ಲಿಂದ ಚೆರ್ನೌತ್ಸಿಗೆ 70 ಕಿ.ಮೀ. ಒಳಗೆ. ನಿಸ್ತ್ರು ತ್ಸಿನುತ್‌ನ ರಾಜಧಾನಿ ಕಿಶಿನೌಗೆ ಅದರ ಮೂರು ಪಟ್ಟಿಗೂ ಜಾಸ್ತಿ. ಕಚೇರಿ ಕೆಲಸಕ್ಕೆ ಹೋಗುವ ರೈತನಿಗೆ ಯಾವುದು ಹತ್ತಿರ?

ತುಂಗಾತೀರ
ದೂರ ಒಂದು ಕಾರಣ ಇರಬಹುದು. ಆದರೆ ಅಲ್ಲಿಗೆ ಯಾರನ್ನು ಕಳಿಸಿದರು ಅನ್ನೋದನ್ನೂ ನೋಡಿ. ಸುಚಾವದ ಮೊದಲ ರಾಜಪ್ರತಿನಿಧಿ ಗೆಯೋರ್ಗೆ ಅಲೆಕ್ಸಿಯಾನು. ಚೆರ್ನೌತ್ಸಿ ವಿಶ್ವವಿದ್ಯಾಲಯದಲ್ಲಿ ಆಡಳಿತ ಕಾನೂನಿನ ಪ್ರೊಫೆಸರ್. ಯಹೂದಿ ದ್ವೇಷ ಮುಚ್ಚಿಟ್ಟುಕೊಳ್ಳದ ಮನುಷ್ಯ. ಚೆರ್ನೌತ್ಸಿ ನಗರದಲ್ಲಿ ಆಗ 1.12 ಲಕ್ಷ ಜನ, ಅದರಲ್ಲಿ ಸುಮಾರು ಶೇ. 38 ಯಹೂದಿಗಳು. ಅವರೇ ಊರಿನ ಅತಿ ದೊಡ್ಡ ಸಮುದಾಯ. ಅಂಥ ಊರಿಗೆ ಅಂಥ ಅಧಿಕಾರಿ!

1938ರ ಜನವರಿಯಲ್ಲಿ, ರಾಜ ಅಧಿಕಾರ ಹಿಡಿಯುವ ಮುಂಚೆ ಇದ್ದ ಗೋಗಾ ಸರ್ಕಾರ ಯಹೂದಿಗಳ ಪೌರತ್ವ ಮರುಪರಿಶೀಲನೆಯ ಆಜ್ಞೆ ಹೊರಡಿಸಿತ್ತು. ರಾಜ ಆ ಸರ್ಕಾರವನ್ನು ಕಿತ್ತುಹಾಕಿದ, ಆ ಆಜ್ಞೆಯನ್ನು ಕಿತ್ತುಹಾಕಲಿಲ್ಲ. ದೇಶದಾದ್ಯಂತ 2.25 ಲಕ್ಷಕ್ಕೂ ಹೆಚ್ಚು ಯಹೂದಿಗಳು ಪೌರತ್ವ ಕಳೆದುಕೊಂಡರು. ಮುಂದೆ ಯುದ್ಧದಲ್ಲಿ ಇದೇ ಅಲೆಕ್ಸಿಯಾನು, ನಿಸ್ತ್ರು ನದಿಯ ಆಚೆ ರೊಮೇನಿಯಾ ಹಿಡಿದುಕೊಂಡಿದ್ದ ಟ್ರಾನ್ಸ್‌ನಿಸ್ತ್ರಿಯಾದ ಗವರ್ನರ್ ಆದ. ಅವನ ಆಳ್ವಿಕೆಯಲ್ಲಿ ಅಲ್ಲಿ ಯಹೂದಿಗಳೂ ರೋಮಾ ಜನರೂ ಸಾವಿರ ಸಾವಿರ ಸಂಖ್ಯೆಯಲ್ಲಿ ಸತ್ತರು. 1946ರ ಜೂನ್ 1ರಂದು ಯುದ್ಧಕಾಲದ ಸರ್ವಾಧಿಕಾರಿ ಅಂತೊನೆಸ್ಕು ಜೊತೆಗೇ ಅವನನ್ನೂ ಗುಂಡಿಕ್ಕಿ ಕೊಂದರು. ತ್ಸಿನುತ್ ಬಗ್ಗೆ ಮಾತಾಡುವಾಗ ಬರೀ ಕಿಲೋಮೀಟರ್ ಲೆಕ್ಕ ಹಾಕಿದರೆ ಈ ಭಾಗ ಮರೆತುಹೋಗುತ್ತೆ. ಅದು ನನಗೆ ಬೇಸರ.

ಇತಿಹಾಸದ ಮೇಷ್ಟ್ರು
ನಿಮ್ಮ ಬೇಸರ ನ್ಯಾಯವಾದದ್ದು. ಅಲೆಕ್ಸಿಯಾನು ಅಲ್ಲಿ ಇದ್ದದ್ದು ಕಡಿಮೆ ಸಮಯ, 1939ರ ಶುರುವಿನಲ್ಲೇ ಬದಲಾದ. ಅವನ ಜಾಗಕ್ಕೆ ಗೆಯೋರ್ಗೆ ಫ್ಲೊಂಡೊರ್ ಬಂದರು. ಫ್ಲೊಂಡೊರ್ ಅನ್ನೋದು ಬುಕೊವಿನಾದ ಹಳೆಯ ಜಮೀನ್ದಾರಿ ಮನೆತನ. ಕೊನೆಯವರೆಗೂ ಇದ್ದವರು ಅವರೇ. ಹೊರಗಿನವನನ್ನು ತೆಗೆದು ಸ್ಥಳೀಯ ಮನೆತನದವರನ್ನು ತಂದದ್ದು ಗಮನಿಸಬೇಕಾದ ವಿಷಯ.

ಕೊಪ್ಪದ ಹುಡುಗ
ಸುಮ್ನೆ ಓದ್ತಾ ಇದ್ದೆ, ಈಗ ಒಂದು ಸಣ್ಣ ಪ್ರಶ್ನೆ. ತ್ಸಿನುತ್‌ಗೆ ಧ್ವಜ, ಲಾಂಛನ ಏನಾದರೂ ಇತ್ತಾ?

ನಕಾಶೆಪ್ರಿಯ
ಲಾಂಛನ ಇತ್ತು ಗುರು. ಸುಚಾವದ ಲಾಂಛನದಲ್ಲಿ ನೀಲಿ, ಕೆಂಪು ಸೇರಿ ಏಳು ಉದ್ದ ಪಟ್ಟಿ. ಏಳು ಜಿಲ್ಲೆಗೆ ಏಳು.

ಮನೆಗೆ ಬಂದ ಡಾಕ್ಟರ್
ಈ ಚರ್ಚೆ ನೋಡಿ ಸುಮ್ಮನಿರಲು ಆಗಲಿಲ್ಲ. ನೀವೆಲ್ಲ ಚೆರ್ನೌತ್ಸಿ ಅಂತ ಬರೆಯುತ್ತಿರುವ ಊರಲ್ಲೇ ನಾನು ಎಂಬಿಬಿಎಸ್ ಓದಿದ್ದು. ಈಗ ಅದು ಉಕ್ರೇನಿನ ಚೆರ್ನಿವ್ತ್ಸಿ. ಕರ್ನಾಟಕದ ತುಂಬಾ ಮಕ್ಕಳು ಅಲ್ಲಿದ್ದೆವು.

ನಮ್ಮ ಮೆಡಿಕಲ್ ಯೂನಿವರ್ಸಿಟಿಯ ಮುಖ್ಯ ಕಟ್ಟಡ ಇರೋದು ಥಿಯೇಟರ್ ಚೌಕದಲ್ಲಿ. ಆಸ್ಟ್ರಿಯನ್ನರ ಕಾಲದಲ್ಲಿ ಅದು ವಾಣಿಜ್ಯ ಮಂಡಳಿಯ ಕಟ್ಟಡ ಆಗಿತ್ತು. ಊರಿನ ಇನ್ನೊಂದು ಯೂನಿವರ್ಸಿಟಿ ಹಳೆಯ ಬಿಷಪ್ಪರ ಅರಮನೆಯಲ್ಲಿದೆ. ಕೆಂಪು ಇಟ್ಟಿಗೆ, ಚಾವಣಿಯ ಮೇಲೆ ಬಣ್ಣಬಣ್ಣದ ಹೆಂಚಿನ ಚಿತ್ತಾರ. ಯುನೆಸ್ಕೊ ಪಟ್ಟಿಯಲ್ಲಿದೆ. ಅಲೆಕ್ಸಿಯಾನು ಪಾಠ ಮಾಡಿದ್ದು ಆ ಯೂನಿವರ್ಸಿಟಿಯಲ್ಲಿ ಅಂತ ಇವತ್ತು ಗೊತ್ತಾಯಿತು. ಮೈ ಜುಂ ಅಂತು.

2022ರ ಫೆಬ್ರವರಿಯಲ್ಲಿ ಯುದ್ಧ ಶುರುವಾದಾಗ ನಮ್ಮನ್ನು ಬಸ್ಸಲ್ಲಿ ಸಿರೆತ್ ಗಡಿಗೆ ಕಳಿಸಿದರು. ಚೆರ್ನಿವ್ತ್ಸಿಯಿಂದ ಸುಮಾರು 40 ಕಿ.ಮೀ. ಬಸ್ಸು ಗಡಿಯವರೆಗೂ ಹೋಗಲಿಲ್ಲ, ಅಷ್ಟು ವಾಹನ. ಸೂಟ್‌ಕೇಸ್ ಎಳೆದುಕೊಂಡು ನಡೆದೆವು. ಚಕ್ರ ಮಂಜಿನಲ್ಲಿ ಉರುಳುತ್ತಿರಲಿಲ್ಲ, ಆಮೇಲೆ ಹೊತ್ತುಕೊಂಡೆವು. ಗೇಟಿನ ಹತ್ತಿರ ಸಿಕ್ಕಾಪಟ್ಟೆ ನೂಕುನುಗ್ಗಲು. ಆಚೆ ಕಾಲಿಟ್ಟ ತಕ್ಷಣ ರೊಮೇನಿಯಾದ ಹಳ್ಳಿಯ ಹೆಂಗಸರು ಬಿಸಿ ಚಹಾ, ಸೂಪು ಹಿಡಿದುಕೊಂಡು ನಿಂತಿದ್ದರು. ಒಬ್ಬ ಅಜ್ಜಿ ನನ್ನ ಒದ್ದೆ ಗ್ಲೌಸ್ ತೆಗೆಸಿ ತನ್ನದನ್ನೇ ಹಾಕಿದರು. ಅಲ್ಲಿಂದ ಸುಚಾವ ಇನ್ನೊಂದು 40 ಕಿ.ಮೀ.

1939ರಲ್ಲಿ ಚೆರ್ನೌತ್ಸಿ, ಸಿರೆತ್, ಸುಚಾವ ಮೂರೂ ಒಂದೇ ತ್ಸಿನುತ್ ಅಂತ ಓದಿದಾಗ, ನಾವು ದಾಟಲು ಅಷ್ಟು ಒದ್ದಾಡಿದ ಗೆರೆ ಆಗ ಅಲ್ಲಿ ಇರಲೇ ಇಲ್ಲ ಅಂತ ಹೊಳೆಯಿತು.

ನಕಾಶೆಪ್ರಿಯ
ಅಕ್ಕ, ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಆ ಗೆರೆ ಬಂದದ್ದು 1940ರ ಜೂನ್‌ನಲ್ಲಿ.

ರೈಲುಪ್ರಿಯ
ಗಡಿ ದಾಟಿ ಬರೋದು ಅಂದ ಕೂಡಲೇ ನೆನಪಾಯಿತು. ಈ ತ್ಸಿನುತ್‌ನ ಎರಡು ವರ್ಷದಲ್ಲಿ ದೊಡ್ಡ ಘಟನೆ ಅಂದರೆ 1939ರ ಸೆಪ್ಟೆಂಬರ್. ಆಗ ಪೋಲೆಂಡಿಗೂ ರೊಮೇನಿಯಾಕ್ಕೂ ನೇರ ಗಡಿ ಇತ್ತು, ಅದರ ಒಂದು ಭಾಗ ಇಲ್ಲೇ. ಜರ್ಮನಿ ಪೋಲೆಂಡಿನ ಮೇಲೆ ಬಿತ್ತು. ಪೋಲೆಂಡಿನ ರಾಷ್ಟ್ರೀಯ ಬ್ಯಾಂಕಿನ ಚಿನ್ನ, ಸುಮಾರು 75 ಟನ್, ರೈಲಿನಲ್ಲಿ ಸ್ನ್ಯಾತಿನ್ ಗಡಿಯಿಂದ ಈ ತ್ಸಿನುತ್ ಒಳಗೆ ಬಂತು. ಅಲ್ಲಿಂದ ದಕ್ಷಿಣಕ್ಕೆ, ಕಪ್ಪು ಸಮುದ್ರದ ಕೊನ್‌ಸ್ತಾಂತ್ಸಾ ಬಂದರಿಗೆ. ಅಲ್ಲಿ ಟ್ಯಾಂಕರ್ ಹಡಗಿಗೆ ತುಂಬಿ ಸಾಗಿಸಿದರು. ಜರ್ಮನ್ ರಾಯಭಾರಿ ತಡೆಯಲು ಒತ್ತಡ ಹಾಕುತ್ತಿದ್ದಾಗಲೇ ಇದೆಲ್ಲ ನಡೆದದ್ದು.

ಸೆಪ್ಟೆಂಬರ್ 17ರಂದು ಸೋವಿಯತ್ ಸೇನೆಯೂ ಪೋಲೆಂಡಿಗೆ ನುಗ್ಗಿತು. ಆ ರಾತ್ರಿ ಪೋಲಿಷ್ ಅಧ್ಯಕ್ಷ ಮೊಶ್ಚಿತ್ಸ್ಕಿ ಮತ್ತು ಸರ್ಕಾರ ಕುತಿ ಊರಿನ ಸೇತುವೆ ದಾಟಿ ವಿಜ್ನಿತ್ಸಾಕ್ಕೆ ಬಂದರು. ಅಲ್ಲಿಂದ ಚೆರ್ನೌತ್ಸಿ. ಹಿಂದೆಯೇ ಸಾವಿರಾರು ಸೈನಿಕರು, ಸಾಮಾನ್ಯ ಜನ, ಕಾರು, ಗಾಡಿ. ಒಂದು ವರ್ಷದ ಹಿಂದೆ ಹುಟ್ಟಿದ ಆಡಳಿತಕ್ಕೆ ಒಂದು ದೇಶದ ಸರ್ಕಾರವೇ ಬಾಗಿಲಿಗೆ ಬಂದು ನಿಂತ ಹಾಗಾಯಿತು.

ನಾಲ್ಕು ದಿನದ ನಂತರ, ಸೆಪ್ಟೆಂಬರ್ 21ಕ್ಕೆ, ಆಗ ಪ್ರಧಾನಿಯಾಗಿದ್ದ ಕಲಿನೆಸ್ಕು ಅವರನ್ನು ಐರನ್ ಗಾರ್ಡ್ ಅನ್ನುವ ತೀವ್ರ ಬಲಪಂಥೀಯ ಗುಂಪಿನವರು ಬುಕಾರೆಸ್ಟ್‌ನಲ್ಲಿ ಗುಂಡಿಟ್ಟು ಕೊಂದರು. ತ್ಸಿನುತ್ ವ್ಯವಸ್ಥೆ ಕಟ್ಟಿದವರೇ ಇಲ್ಲವಾದರು.

ಕೊಪ್ಪದ ಹುಡುಗ
ಚಿನ್ನದ ರೈಲಿನ ಕತೆ ಗೊತ್ತೇ ಇರಲಿಲ್ಲ. ಇದಕ್ಕೇ ಬೇರೆ ಥ್ರೆಡ್ ಮಾಡಿ ಅಣ್ಣ.

ಹಳೇಪೇಟೆ
ವಿಷಯಕ್ಕೆ ಬರೋಣ. ನಕಾಶೆಪ್ರಿಯ ಅವರ ಎರಡನೇ ಪ್ರಶ್ನೆಗೆ ಉತ್ತರ 1940ರ ಬೇಸಿಗೆಯಲ್ಲಿದೆ. ಜೂನ್ 26ರಂದು ಸೋವಿಯತ್ ಒಕ್ಕೂಟ ಅಂತಿಮ ಎಚ್ಚರಿಕೆ ಕೊಟ್ಟಿತು: ಬೆಸರೇಬಿಯಾ ಮತ್ತು ಉತ್ತರ ಬುಕೊವಿನಾ ಬಿಟ್ಟುಕೊಡಿ. ಜೂನ್ 28ಕ್ಕೆ ಕೆಂಪು ಸೇನೆ ಚೆರ್ನೌತ್ಸಿಯೊಳಗಿತ್ತು. ಸುಚಾವ ತ್ಸಿನುತ್‌ನ ರಾಜಧಾನಿಯೇ ಹೋಯಿತು. ಚೆರ್ನೌತ್ಸಿ, ಹೋತಿನ್ ಪೂರ್ತಿ, ಸ್ತೊರೊಜಿನೆತ್ಸ್‌ನ ಬಹುಪಾಲು, ರದೌತ್ಸಿಯ ಒಂದು ಪಾಲು ಹೋದವು. ದೊರೊಹೊಯ್ ಜಿಲ್ಲೆಯ ಹೆರ್ತ್ಸಾ ಸುತ್ತಲಿನ ಹಳ್ಳಿಗಳನ್ನೂ ತೆಗೆದುಕೊಂಡರು. ಅವು ಎಚ್ಚರಿಕೆ ಪತ್ರದಲ್ಲಿ ಇರಲೇ ಇಲ್ಲ!

ಆಗಸ್ಟ್ 30ರಂದು ಜರ್ಮನಿ, ಇಟಲಿ ಕೊಟ್ಟ ವಿಯೆನ್ನಾ ತೀರ್ಪಿನಲ್ಲಿ ಉತ್ತರ ಟ್ರಾನ್ಸಿಲ್ವೇನಿಯಾ ಹಂಗೇರಿಗೆ. ಸೊಮೆಶ್ ತ್ಸಿನುತ್‌ನ ರಾಜಧಾನಿ ಕ್ಲುಜ್ ಕೂಡ ಅದರ ಜೊತೆ ಹೋಯಿತು. ಸೆಪ್ಟೆಂಬರ್ 7ರ ಕ್ರಯೋವಾ ಒಪ್ಪಂದದಲ್ಲಿ ದಕ್ಷಿಣ ದೊಬ್ರುಜಾ ಬಲ್ಗೇರಿಯಾಕ್ಕೆ. ಅದಕ್ಕೆ ಒಂದು ದಿನ ಮೊದಲು ರಾಜ ಕರೋಲ್ ಗದ್ದುಗೆ ಬಿಟ್ಟ. ಹತ್ತು ತ್ಸಿನುತ್‌ಗಳಲ್ಲಿ ಮೂರರ ರಾಜಧಾನಿ ಬೇರೆ ದೇಶದಲ್ಲಿ: ಚೆರ್ನೌತ್ಸಿ, ಕಿಶಿನೌ, ಕ್ಲುಜ್. ಅಂಥ ವ್ಯವಸ್ಥೆಯನ್ನು ಯಾರು ಉಳಿಸಿಕೊಳ್ಳುತ್ತಾರೆ? ಹಾಗಾಗಿ ನನ್ನ ಮಟ್ಟಿಗೆ ಇದು ಸೋತ ಯೋಜನೆ ಅಲ್ಲ, ಪರೀಕ್ಷೆಗೇ ಕೂರಲು ಸಮಯ ಸಿಗದ ಯೋಜನೆ.

ತುಂಗಾತೀರ
ಸಮಯ ಸಿಕ್ಕಿದ್ದರೆ ಒಳ್ಳೆಯದಾಗುತ್ತಿತ್ತು ಅನ್ನೋಕೆ ಯಾವ ಆಧಾರ? ಪ್ರತಿನಿಧಿಯನ್ನು ಜನ ಆರಿಸಿರಲಿಲ್ಲ. ಜಿಲ್ಲೆ ನೋಡುವ ಪ್ರಿಫೆಕ್ಟರ ಜಾಗದಲ್ಲಿ ಮಿಲಿಟರಿ ಅಧಿಕಾರಿಗಳನ್ನು ಕೂರಿಸಿದ್ದರು. ಪಕ್ಷಗಳನ್ನೆಲ್ಲ ನಿಷೇಧಿಸಿ ಒಂದೇ ಪಕ್ಷ ಉಳಿಸಿದರು. ರಸ್ತೆ ಆಸ್ಪತ್ರೆ ಚೆನ್ನಾಗಿ ನಡೆದರೂ ಕೇಳುವ ಹಕ್ಕಿಲ್ಲದ ಆಡಳಿತ ಅದು. ಇನ್ನೊಂದು ವಿಷಯ. ಜುಲೈ 1ರಂದು ದೊರೊಹೊಯ್ ಊರಲ್ಲಿ, ಹಿಂದೆ ಸರಿಯುತ್ತಿದ್ದ ರೊಮೇನಿಯನ್ ಸೈನಿಕರು ಅಲ್ಲಿನ ಯಹೂದಿಗಳನ್ನು ಕೊಂದರು. ಆಗಲೂ ಅದು ಕಾಗದದ ಮೇಲೆ ಸುಚಾವ ತ್ಸಿನುತ್ತೇ.

ಇತಿಹಾಸದ ಮೇಷ್ಟ್ರು
ತುಂಗಾತೀರ ಅವರ ಮಾತಿಗೆ ನನ್ನ ಪೂರ್ತಿ ಬೆಂಬಲ. ಆದರೆ ಆಡಳಿತ ಕೆಟ್ಟದ್ದು ಅನ್ನೋದು ಬೇರೆ, ಎಳೆದ ಗಡಿ ಅರ್ಥವಿಲ್ಲದ್ದು ಅನ್ನೋದು ಬೇರೆ. ಸುಚಾವದ ವಿಷಯದಲ್ಲಿ ಆಮೇಲೆ ಏನಾಯಿತು ನೋಡಿ.

1940ರ ಆಗಸ್ಟ್ 7ರಂದು ಸೋವಿಯತ್ತರು ಹೊಸ ಚೆರ್ನಿವ್ತ್ಸಿ ಒಬ್ಲಾಸ್ತ್ (ಪ್ರಾಂತ) ಮಾಡಿದರು. ಅದರೊಳಗೆ ಉತ್ತರ ಬುಕೊವಿನಾ, ಹೋತಿನ್ ಭಾಗ, ಹೆರ್ತ್ಸಾ. 1941ರಲ್ಲಿ ರೊಮೇನಿಯಾ ವಾಪಸ್ ಗೆದ್ದಾಗ ಅಂತೊನೆಸ್ಕು ಬುಕೊವಿನಾ ಗವರ್ನರೇಟ್ ಮಾಡಿದ. ಅದರಲ್ಲೂ ಹೋತಿನ್ ಮತ್ತು ದೊರೊಹೊಯ್ ಸೇರಿದವು. 1944ರ ನಂತರ ಮತ್ತೆ ಒಬ್ಲಾಸ್ತ್. ಇವತ್ತಿಗೂ ಉಕ್ರೇನಿನ ಚೆರ್ನಿವ್ತ್ಸಿ ಒಬ್ಲಾಸ್ತ್‌ನಲ್ಲಿ ಹೋತಿನ್ ಕೋಟೆ ಇದೆ. 1918ರವರೆಗೆ ಹೋತಿನ್ ರಷ್ಯಾದ್ದು, ಚೆರ್ನೌತ್ಸಿ ಆಸ್ಟ್ರಿಯಾದ್ದು. ಅವೆರಡನ್ನೂ ಒಂದೇ ಕಚೇರಿಯ ಕೆಳಗೆ ತಂದು ಜಿಲ್ಲೆಯ ಅಧಿಕಾರ ಕಿತ್ತು ಅಲ್ಲಿ ಕೂರಿಸಿದ್ದು 1938ರಲ್ಲಿ. ರಾಜ, ಸೋವಿಯತ್, ಅಂತೊನೆಸ್ಕು, ಮತ್ತೆ ಸೋವಿಯತ್, ಈಗ ಸ್ವತಂತ್ರ ಉಕ್ರೇನ್, ಎಲ್ಲರೂ ಈ ಜೋಡಿಯನ್ನು ಉಳಿಸಿಕೊಂಡರು.

ತುಂಗಾತೀರ
ಸೋವಿಯತ್ತರು ತ್ಸಿನುತ್ ನೋಡಿ ಮಾಡಿದರು ಅಂತ ಹೇಳುತ್ತಿದ್ದೀರಾ ಮೇಷ್ಟ್ರೇ?

ಇತಿಹಾಸದ ಮೇಷ್ಟ್ರು
ಇಲ್ಲ. ಹೋತಿನ್ ಉಕ್ರೇನಿಗೆ ಹೋಗಲು ಅಲ್ಲಿನ ಜನರ ಭಾಷೆ ಕಾರಣ. ಆಗಸ್ಟ್ 2ರಂದು ಮೊಲ್ಡೇವಿಯನ್ ಗಣರಾಜ್ಯ ಮಾಡಿದಾಗ ಹೋತಿನ್, ಇಸ್ಮಾಯಿಲ್, ಚೆತಾತಿಯಾ ಆಲ್ಬಾ ಮೂರನ್ನೂ ಅದರ ಹೊರಗಿಟ್ಟು ಉಕ್ರೇನಿಗೆ ಕೊಟ್ಟರು. ಉಕ್ರೇನಿಗೆ ಬಂದ ಮೇಲೆ ಅದಕ್ಕೆ ಹತ್ತಿರದ ದೊಡ್ಡ ಊರು ಚೆರ್ನಿವ್ತ್ಸಿ. ರೈಲುಪ್ರಿಯ ಅವರು ಹೇಳಿದ ಆ 70 ಕಿಲೋಮೀಟರ್ ಇಲ್ಲಿ ಲೆಕ್ಕಕ್ಕೆ ಬರುತ್ತೆ. ಬೇರೆಬೇರೆ ಉದ್ದೇಶದವರೂ ಅದೇ ಕಡೆಗೆ ಬಂದು ನಿಂತರು.

ಮನೆಗೆ ಬಂದ ಡಾಕ್ಟರ್
ಹೋತಿನ್ ಕೋಟೆಗೆ ನಾವು ಕ್ಲಾಸಿನವರೆಲ್ಲ ಪಿಕ್‌ನಿಕ್ ಹೋಗಿದ್ದೆವು. ನಿಸ್ತ್ರು ನದಿಯ ದಂಡೆಯಲ್ಲೇ ಇದೆ, ಗೋಡೆ ತುಂಬಾ ಎತ್ತರ. 1621ರ ದೊಡ್ಡ ಯುದ್ಧ ಅಲ್ಲೇ ಆಗಿದ್ದು ಅಂತ ಗೈಡ್ ಹೇಳಿದ್ದರು. ಅಲ್ಲಿನ ಜನ ಕೆಲಸಕ್ಕೆ, ಆಸ್ಪತ್ರೆಗೆ ಚೆರ್ನಿವ್ತ್ಸಿಗೇ ಬರ್ತಾರೆ. ನಮ್ಮ ವಾರ್ಡಿನಲ್ಲಿ ಹೋತಿನ್ ಕಡೆಯ ರೋಗಿಗಳು ಯಾವಾಗಲೂ ಇರುತ್ತಿದ್ದರು. ಹೆರ್ತ್ಸಾದಿಂದ ಬಂದವರು ತಮ್ಮ ತಮ್ಮಲ್ಲಿ ರೊಮೇನಿಯನ್ ಮಾತಾಡ್ತಿದ್ದರು, ನರ್ಸ್‌ಗಳಿಗೂ ಅದು ಅರ್ಥ ಆಗ್ತಿತ್ತು.

ಹಳೇಪೇಟೆ
ಇದು ಕೇಳಿ ಖುಷಿಯಾಯಿತು ಮೇಡಂ. ಕಾಗದದ ಮೇಲಿನ ಜಿಲ್ಲೆಗಿಂತ ಆಸ್ಪತ್ರೆಗೆ ಬರುವ ರೋಗಿ ದೊಡ್ಡ ಸಾಕ್ಷಿ.

ನಕಾಶೆಪ್ರಿಯ
1941ರ ಗವರ್ನರೇಟ್ ಕಾಲದಲ್ಲಿ ಚೆರ್ನೌತ್ಸಿಯ ಮೇಯರ್ ಆಗಿದ್ದ ತ್ರಯಾನ್ ಪೊಪೊವಿಚಿ ಬಗ್ಗೆ ಯಾರೂ ಹೇಳಲಿಲ್ಲ. ಊರಿನ ಯಹೂದಿಗಳನ್ನೆಲ್ಲ ಟ್ರಾನ್ಸ್‌ನಿಸ್ತ್ರಿಯಾಕ್ಕೆ ಸಾಗಿಸಲು ಆಜ್ಞೆ ಬಂದಾಗ, ಇವರಿಲ್ಲದೆ ಊರು ನಡೆಯೋದಿಲ್ಲ ಅಂತ ವಾದ ಮಾಡಿ ಸುಮಾರು 20,000 ಜನರಿಗೆ ಉಳಿಯಲು ಪರವಾನಗಿ ಕೊಡಿಸಿದರು. ಅದೇ ಊರು, ಅದೇ ಕಾಲ. ಅಲೆಕ್ಸಿಯಾನು ಜೊತೆಗೆ ಈ ಹೆಸರೂ ನೆನಪಿರಬೇಕು.

ತುಂಗಾತೀರ
ಖಂಡಿತ. ಪೊಪೊವಿಚಿ ಬಗ್ಗೆ ಎಷ್ಟು ಬರೆದರೂ ಕಡಿಮೆ.

ಕೊಪ್ಪದ ಹುಡುಗ
ಈಗಿನ ರೊಮೇನಿಯಾದಲ್ಲಿ ತ್ಸಿನುತ್ ತರಹ ಏನಾದರೂ ಇದೆಯಾ?

ರೈಲುಪ್ರಿಯ
ಯುದ್ಧ ಆದ ಮೇಲೆ ಕಮ್ಯುನಿಸ್ಟರು 1950ರಲ್ಲಿ ಜಿಲ್ಲೆಗಳನ್ನೇ ತೆಗೆದು ಸೋವಿಯತ್ ಮಾದರಿಯ ದೊಡ್ಡ ಪ್ರದೇಶಗಳನ್ನು ಮಾಡಿದರು. ಮೊದಲು 28, ಎರಡು ವರ್ಷದಲ್ಲಿ 18. 1968ಕ್ಕೆ ಅದನ್ನೂ ಬಿಟ್ಟು ಮತ್ತೆ ಜಿಲ್ಲೆಗೆ ಬಂದರು. ಈಗ 41 ಜಿಲ್ಲೆ, ಜೊತೆಗೆ ಬುಕಾರೆಸ್ಟ್. 1998ರಿಂದ ಎಂಟು ಅಭಿವೃದ್ಧಿ ವಲಯ ಇವೆ, ಯುರೋಪಿನ ಅನುದಾನ, ಅಂಕಿಅಂಶಕ್ಕೆಲ್ಲ ಬಳಸ್ತಾರೆ, ಆದರೆ ಅವು ಆಡಳಿತ ಘಟಕ ಅಲ್ಲ. 2013ರ ಹೊತ್ತಿಗೆ ಅವುಗಳಿಗೆ ನಿಜವಾದ ಅಧಿಕಾರ ಕೊಡುವ ಪ್ರಯತ್ನ ನಡೆಯಿತು, ದಡ ಮುಟ್ಟಲಿಲ್ಲ.

ಸುಚಾವ ಜಿಲ್ಲೆ ಈಗ ಈಶಾನ್ಯ ವಲಯದಲ್ಲಿದೆ, ಯಾಶ್, ಬಾಕೌ, ನ್ಯಾಮ್ತ್ಸ್, ವಾಸ್ಲುಯ್ ಜೊತೆ. ದೊರೊಹೊಯ್ ಈಗ ಜಿಲ್ಲೆ ಅಲ್ಲ, ಬೊತೊಶಾನಿ ಜಿಲ್ಲೆಯ ಒಂದು ಊರು. ಬೊತೊಶಾನಿಯೂ ಅದೇ ವಲಯ. ಏಳು ಜಿಲ್ಲೆಯಲ್ಲಿ ರೊಮೇನಿಯಾಕ್ಕೆ ಉಳಿದದ್ದೆಲ್ಲ ಹೀಗೆ ಈಶಾನ್ಯದ ಒಳಗೆ ಸೇರಿಕೊಂಡಿದೆ.

ನಕಾಶೆಪ್ರಿಯ
ಎಲ್ಲರಿಗೂ ಧನ್ಯವಾದ. ಮಾರಿ ತ್ಸಿನುತ್ ಬಗ್ಗೆ ಬೇರೆ ಥ್ರೆಡ್ ಶುರು ಮಾಡುತ್ತೇನೆ. ಕೊನ್‌ಸ್ತಾಂತ್ಸಾ, ಯಾಲೊಮಿತ್ಸಾ, ದುರೊಸ್ತೊರ್, ಕಲಿಯಾಕ್ರಾ ನಾಲ್ಕೇ ಜಿಲ್ಲೆ. ಅದರಲ್ಲಿ ಎರಡು ಬಲ್ಗೇರಿಯಾಕ್ಕೆ ಹೋದಾಗ ಎರಡೂ ಕಡೆಯ ಜನರನ್ನು ಅದಲುಬದಲು ಮಾಡಿದರು. ರೈಲುಪ್ರಿಯ ಅಣ್ಣ, ಚಿನ್ನದ ರೈಲಿನ ವಿಷಯ ಅಲ್ಲೇ ವಿವರವಾಗಿ ಹಾಕಿ.